ಕೆಳದಿ ಅರಸರ ಗುಡಿಗಳೂ ಅಲೆದಾಡುವ ಸೂಜಿಯೂ

ಇಕ್ಕೇರಿಯ ಅಘೋರೇಶ್ವರ ದೇವಾಲಯವು ಉತ್ತರಾಭಿಮುಖವಾದುದೆಂಬುದು ನಮ್ಮ ಸಾಗರ ಸೀಮೆಯವರಿಗೆ ತಿಳಿದ ಸಂಗತಿ. ಈಚೆಗೆ ಇಂತಹ ಗುಡಿಗಳ ಮುಂದೆಯೂ ಮಲೆನಾಡಿನ ಹಳೆಯ ತೊಟ್ಟಿಮನೆಗಳ ಹೆಬ್ಬಾಗಿಲಿನಲ್ಲಿಯೂ ಮೊಬೈಲಿನ ದಿಕ್ಸೂಚಿಯನ್ನು ಹಿಡಿದು, "ಇದು ಎರಡು ಡಿಗ್ರಿ ವಾಲಿದೆ, ಕಟ್ಟಿದವರು ತಪ್ಪಿದ್ದಾರೆ" ಎಂದು ತೀರ್ಪು ಕೊಡುವವರನ್ನು ಕಾಣುತ್ತಿದ್ದೇನೆ. ಆ ತೀರ್ಪಿಗೆ ಅಂಜಿ ಗಟ್ಟಿಮುಟ್ಟಾದ ಬಾಗಿಲುಗಳನ್ನು ಕಿತ್ತು ತಿರುಗಿಸಿದ ಮನೆಗಳೂ ಇವೆ. ಆದುದರಿಂದ ಆ ಸೂಜಿಯ ಚರಿತ್ರೆಯನ್ನೇ ಸ್ವಲ್ಪ ವಿಚಾರಿಸುವುದು ಉಚಿತವೆಂದು ಭಾವಿಸುತ್ತೇನೆ.

ಭೂಮಿಯ ಕಾಂತಕ್ಷೇತ್ರವು ಹುಟ್ಟುವುದು ನಮ್ಮ ಕಾಲಡಿಯಲ್ಲಿ ಸುಮಾರು 2,900 ಕಿಲೋಮೀಟರ್ ಆಳದಲ್ಲಿರುವ ದ್ರವರೂಪದ ಕಬ್ಬಿಣದ ಚಲನೆಯಿಂದ. ಆ ದ್ರವವು ಹರಿಯುತ್ತಿರುವುದರಿಂದ ಕ್ಷೇತ್ರವೂ ಬದಲಾಗುತ್ತಲೇ ಇರುತ್ತದೆ. ಇದು ಮನುಷ್ಯರ ಅರಿವಿಗೆ ಬಂದುದು ನಮ್ಮಲ್ಲಿ ಕೆಳದಿಯ ನಾಯಕರು ಆಳುತ್ತಿದ್ದ ಕಾಲದಲ್ಲಿಯೇ. 1580ರಲ್ಲಿ ಲಂಡನ್ನಿನ ಸೂಜಿಯು ನಿಜವಾದ ಉತ್ತರಕ್ಕಿಂತ ಸುಮಾರು 11 ಡಿಗ್ರಿ ಪೂರ್ವಕ್ಕೆ ನಿಲ್ಲುತ್ತಿತ್ತು. 1634ರಲ್ಲಿ ಹೆನ್ರಿ ಗೆಲ್ಲಿಬ್ರಾಂಡ್ ಅಳೆದಾಗ ಅದು ನಾಲ್ಕು ಡಿಗ್ರಿಗೆ ಇಳಿದಿತ್ತು. ಅದಾದ ಕೆಲವೇ ವರ್ಷಗಳಲ್ಲಿ ವೀರಭದ್ರ ನಾಯಕನು ರಾಜಧಾನಿಯನ್ನು ಇಕ್ಕೇರಿಯಿಂದ ಬಿದನೂರಿಗೆ, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೆ, ಒಯ್ದನು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆಲ್ಲುವ ಹೊತ್ತಿಗೆ ಲಂಡನ್ನಿನ ಸೂಜಿಯು ಪಶ್ಚಿಮಕ್ಕೆ ಸುಮಾರು 20 ಡಿಗ್ರಿ ಸರಿದಿತ್ತು. ಒಂದು ರಾಜವಂಶದ ಆಯುಷ್ಯದೊಳಗೆ 30 ಡಿಗ್ರಿಗಳ ಅಲೆದಾಟ!

ನಮ್ಮ ನಾಡಿನಲ್ಲಿ ಈ ಅಲೆದಾಟವು ಇಷ್ಟು ದೊಡ್ಡದಲ್ಲ. ಸಮಭಾಜಕ ವೃತ್ತದ ಸಮೀಪದಲ್ಲಿ ಸೂಜಿಯನ್ನು ಹಿಡಿದಿಡುವ ಅಡ್ಡಬಲವು ಪ್ರಬಲವಾಗಿರುವುದೇ ಕಾರಣ. ಆದರೂ ಸೂಜಿ ಕದಲದೆ ಇರುವುದಿಲ್ಲ. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ 1859ರ ಸೆಪ್ಟೆಂಬರ್ 2ರಂದು, ಸೂರ್ಯನಿಂದ ಬಂದ ಮಹಾ ಕಾಂತ ಬಿರುಗಾಳಿಯ ಸಮಯದಲ್ಲಿ, ಕ್ಷೇತ್ರದ ಬಲವು ಕೆಲವೇ ಗಂಟೆಗಳಲ್ಲಿ ಭಾರಿಯಾಗಿ ಕುಸಿದುದು ದಾಖಲಾಗಿದೆ. ಮುಂದೆ ಮುಂಬಯಿಗೆ ವಿದ್ಯುತ್ ಟ್ರಾಂ ಬರುವುದೆಂದಾಗ ಅಳತೆ ಕೆಡಬಾರದೆಂದು 1904ರಲ್ಲಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯವನ್ನು ತೆರೆದರು. ಟ್ರಾಂ ತಂತಿಗೇ ಬೆದರುವ ಸೂಜಿ ಕಬ್ಬಿಣದ ಗೇಟಿನ ಪಕ್ಕದಲ್ಲಿ, ಅದಿರುಳ್ಳ ಗುಡ್ಡದ ಮೇಲೆ ನಿಜ ನುಡಿದೀತೆ?

ಹಾಗಾದರೆ ನಮ್ಮ ಶಿಲ್ಪಿಗಳು ದಿಕ್ಕನ್ನು ತಿಳಿಯುತ್ತಿದ್ದುದು ಹೇಗೆ? ಶಿಲ್ಪಶಾಸ್ತ್ರಗಳು ವಿಧಿಸಿರುವುದು ಶಂಕುವಿನ ಕ್ರಮ. ಸಮತಟ್ಟಾದ ನೆಲದಲ್ಲಿ ವೃತ್ತವೊಂದನ್ನು ಬರೆದು ನಡುವೆ ನೇರವಾದ ಗೂಟವನ್ನು ನೆಡಬೇಕು. ಪೂರ್ವಾಹ್ಣದಲ್ಲಿ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಬಿಂದುವನ್ನೂ ಅಪರಾಹ್ಣದಲ್ಲಿ ಮುಟ್ಟಿದ ಬಿಂದುವನ್ನೂ ಗುರುತಿಸಿ ಜೋಡಿಸಿದರೆ ಅದೇ ಪೂರ್ವ-ಪಶ್ಚಿಮ ರೇಖೆ. ಇದಕ್ಕೆ ಆಧಾರ ಭೂಮಿಯ ಆವರ್ತನವೇ ಹೊರತು ಅದರ ಕಾಂತತ್ವವಲ್ಲ. ಆದುದರಿಂದ ನೂರಾರು ವರ್ಷ ಕಳೆದರೂ ಆ ರೇಖೆ ಕದಲದು.

ಇಂದಿಗೂ ಬದಲಾವಣೆ ನಿಂತಿಲ್ಲ. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಕೆನಡಾದ ಉತ್ತರದಲ್ಲಿ ಗುರುತಿಸಿದ ಕಾಂತಧ್ರುವವು ಈಗ ಸೈಬೀರಿಯಾದ ಕಡೆಗೆ ಸಾಗುತ್ತಿದೆ. ಮೊಬೈಲುಗಳ ದಿಕ್ಸೂಚಿಗೆ ಆಧಾರವಾದ ಜಾಗತಿಕ ಕಾಂತ ಮಾದರಿಯನ್ನು ಐದು ವರ್ಷಗಳಿಗೊಮ್ಮೆ ಪರಿಷ್ಕರಿಸಲಾಗುತ್ತದೆ. ನಮ್ಮ ಸೀಮೆಯಲ್ಲಿ ಸೂಜಿಯು ಈಗ ನಿಜವಾದ ಉತ್ತರಕ್ಕಿಂತ ಒಂದು ಡಿಗ್ರಿಯ ಆಸುಪಾಸಿನಲ್ಲಿ ಪಶ್ಚಿಮಕ್ಕೆ ನಿಲ್ಲುತ್ತದೆ.

ಆದುದರಿಂದ ನನ್ನ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಒಂದು ವಿನಂತಿ. ಇಕ್ಕೇರಿಯಾಗಲಿ, ತೀರ್ಥಹಳ್ಳಿಯ ಕವಲೇದುರ್ಗವಾಗಲಿ, ಅಜ್ಜ ಕಟ್ಟಿದ ಮನೆಯಾಗಲಿ, ಒಂದೆರಡು ಡಿಗ್ರಿಯ ಅಂತರ ಕಂಡೊಡನೆ ಕಟ್ಟಿದವರನ್ನು ಹಳಿಯಬೇಡಿರಿ, ಗುದ್ದಲಿಯನ್ನೂ ಎತ್ತಬೇಡಿರಿ. ಬಿಸಿಲಿರುವ ದಿನ ಅಂಗಳದಲ್ಲಿ ಒಂದು ಗೂಟವನ್ನು ನೆಟ್ಟು ಮಕ್ಕಳೊಡನೆ ನೆರಳನ್ನು ಅಳೆದು ನೋಡಿರಿ.