ವಡಾಲದ ಉಪ್ಪು ಮತ್ತು ಗಣರಾಜ್ಯದ ಸ್ವಾತಂತ್ರ್ಯ

1930ರ ಜೂನ್ 1ರಂದು ವಡಾಲದ ಉಪ್ಪಿನ ಅಗರಗಳಿಗೆ ಸುಮಾರು 15,000 ಜನ ನುಗ್ಗಿದರು. ಪೋಲೀಸರ ಸಾಲನ್ನು ಮತ್ತೆ ಮತ್ತೆ ಭೇದಿಸಿ, ಕುದುರೆ ಸವಾರರ ದಾಳಿಯನ್ನು ಲೆಕ್ಕಿಸದೆ ಉಪ್ಪನ್ನು ಹೊತ್ತು ನಡೆದರು. ಅದೇ ಚಳವಳಿಯಲ್ಲಿ ಉತ್ತರ ಕನ್ನಡದ ಸಾಣಿಕಟ್ಟಾ ಅಗರಗಳನ್ನೂ ಸಾವಿರಾರು ಜನ ಮುತ್ತಿದರು. ಹಿಡಿ ಉಪ್ಪಿಗಾಗಿ ಇಷ್ಟು ಪೆಟ್ಟು ತಿಂದುದೇಕೆ?

ತೆರಿಗೆಯ ಭಾರವೊಂದೇ ಇದಕ್ಕೆ ಉತ್ತರವಾಗದು. 1923ರಲ್ಲಿ ಸರಕಾರವು ಮಣಕ್ಕೆ 1 ರೂಪಾಯಿ 4 ಆಣೆಯಿದ್ದ ಉಪ್ಪಿನ ಸುಂಕವನ್ನು ಇಮ್ಮಡಿಸಹೊರಟಿತು. ಕೇಂದ್ರ ಶಾಸನಸಭೆ ಒಪ್ಪದಿದ್ದರೂ ವೈಸರಾಯ್ ಲಾರ್ಡ್ ರೀಡಿಂಗ್ ಅವರು ವಿಶೇಷಾಧಿಕಾರದಿಂದ ಅದನ್ನು ಜಾರಿಗೆ ತಂದರು. ಮರುವರ್ಷ ಸುಂಕ ಹಿಂದಿನ ಮಟ್ಟಕ್ಕೆ ಇಳಿಯಿತು. ಏರಿದಾಗ ತಡೆಯುವ ಅಧಿಕಾರ ಉಣ್ಣುವವನಿಗಿರಲಿಲ್ಲ. ಇಳಿದಾಗ ಅದು ಹಾಗೆಯೇ ಉಳಿಯುವುದೆಂಬ ಭರವಸೆಯೂ ಇರಲಿಲ್ಲ. ಆಳುವವರ ಔದಾರ್ಯವೂ ಅವರ ಇಚ್ಛೆಯ ಇನ್ನೊಂದು ಮುಖವಾಗಿತ್ತಷ್ಟೆ.

ಪ್ರಾಚೀನ ರೋಮಿನ ಗಣರಾಜ್ಯ ಚಿಂತನೆ ಸ್ವಾತಂತ್ರ್ಯವನ್ನು ಈ ಬಗೆಯಾಗಿಯೇ ಕಂಡಿತ್ತು. ಒಡೆಯನು ಕರುಣಾಳುವಾದ ಮಾತ್ರಕ್ಕೆ ದಾಸನು ಸ್ವತಂತ್ರನಾಗನು. ಪರರ ಇಚ್ಛೆಗೆ ಅಧೀನನಾಗಿರುವುದೇ ದಾಸ್ಯ. ಆದರೆ ಆ ರೋಮು ದಾಸರ ದುಡಿಮೆಯನ್ನುಂಡೇ ಪೌರರ ಸ್ವಾತಂತ್ರ್ಯವನ್ನು ಕೊಂಡಾಡಿತು. ಈ ತತ್ತ್ವವನ್ನು ಸರ್ವರಿಗೂ ಅನ್ವಯಿಸಹೊರಟರೆ ಅನ್ನದ ಪ್ರಶ್ನೆ ಏಳದಿರದು.

ವಡಾಲದಿಂದ ದಕ್ಷಿಣಕ್ಕೆ ಚಾಚಿದ ಮುಂಬಯಿಯ ಹಡಗುಕಟ್ಟೆಗಳಲ್ಲಿ ಈ ಪ್ರಶ್ನೆ ದಿನದಿನವೂ ಏಳುತ್ತಿತ್ತು. ಅಂದಿನ ಕೆಲಸ ಸಿಗುವುದೂ ಬಿಡುವುದೂ ಟೋಳಿವಾಲ ಮೊದಲಾದ ಮಧ್ಯವರ್ತಿಗಳ ಮರ್ಜಿ. ತಲೆಯೆತ್ತಿ ಮಾತನಾಡಿದವನಿಗೆ ನಾಳೆಯ ಕೂಲಿ ಖಾತ್ರಿಯಿಲ್ಲ. ದಕ್ಷಿಣ ಕನ್ನಡದಿಂದ ಬಂದ ಪಿ. ಡಿಮೆಲ್ಲೊ ಈ ಶ್ರಮಿಕರನ್ನು ಸಂಘಟಿಸಿದರು. ಬಂದರಿನ ಮಗ್ಗುಲಿನ ಹೆದ್ದಾರಿಗೆ ಇಂದು ಅವರ ಹೆಸರಿದೆ. 1948ರ ಬಂದರು ಕಾರ್ಮಿಕರ ಕಾಯಿದೆಯ ಮೇರೆಗೆ 1951ರಲ್ಲಿ ಮುಂಬಯಿಗೆ ರೂಪುಗೊಂಡ ಯೋಜನೆ ಹಡಗಿನ ಕೆಲಸಗಾರರ ಹೆಸರುಗಳನ್ನು ದಾಖಲಿಸಿತು, ಸರದಿಯಂತೆ ಕೆಲಸ ಹಂಚಿತು, ಕೆಲಸವಿಲ್ಲದ ದಿನದ ಹಾಜರಿಗೂ ಭತ್ಯೆಯನ್ನು ಗೊತ್ತುಪಡಿಸಿತು. ಕೂಲಿಯ ಮೊತ್ತಕ್ಕಿಂತ ಹಿರಿದಾದ ಲಾಭವೊಂದು ಇದರಲ್ಲಿತ್ತು: ಯಾರ ಮುಖವನ್ನೂ ನೋಡದೆ ಕೆಲಸ ಕೇಳುವ ಹಕ್ಕು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಕೊಟ್ಟ ಎಚ್ಚರಿಕೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ರಾಜಕೀಯದಲ್ಲಿ ಸಮಾನತೆ, ಆರ್ಥಿಕ ಜೀವನದಲ್ಲಿ ಅಸಮಾನತೆ ಎಂಬ ವಿರೋಧಾಭಾಸ ಬಹುಕಾಲ ಉಳಿದರೆ ಪ್ರಜಾಪ್ರಭುತ್ವಕ್ಕೇ ಅಪಾಯವೆಂದು ಅವರು ಕಂಡಿದ್ದರು. ಉಪ್ಪಿನ ಸುಂಕ 1947ರಲ್ಲಿ ರದ್ದಾಯಿತು. ಗುತ್ತಿಗೆಯವನ ಕೃಪೆಯಿಂದ ದಿನ ಕಳೆಯುವ ದುಡಿಮೆಗಾರರು ಇಂದಿಗೂ ಈ ನಗರದಲ್ಲಿದ್ದಾರೆ. ಅವರ ಮಟ್ಟಿಗೆ ವಡಾಲದ ಸತ್ಯಾಗ್ರಹ ಇನ್ನೂ ಮುಗಿದಿಲ್ಲ.