ಬಲನ್ಸಿಯಾದ ತೋಟಗಳು, ತೋಟಗಾರರು

ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿರುವ ವೆಲೆನ್ಸಿಯ ಸ್ಪೇನಿನ ಮೂರನೆಯ ದೊಡ್ಡ ನಗರ, ಹೆಸರಾಂತ ಬಂದರು. 2024ರಲ್ಲಿ ಅದಕ್ಕೆ ಯೂರೋಪಿನ ಹಸಿರು ರಾಜಧಾನಿ ಎಂಬ ಮನ್ನಣೆ ಸಿಕ್ಕಿತ್ತು. ಪ್ರವಾಸಿಗರ ಕೈಪಿಡಿಗಳಲ್ಲಿ ಅಲ್ಲಿನ ಉದ್ಯಾನಗಳ ಪಟ್ಟಿ ಉದ್ದವಾಗಿಯೇ ಇರುತ್ತದೆ. ಅರಬರು ಈ ನಗರವನ್ನು ಬಲನ್ಸಿಯಾ ಎನ್ನುತ್ತಿದ್ದರು. ಮುಸ್ಲಿಂ ಸ್ಪೇನ್ ಎಂದೊಡನೆ ನಮ್ಮ ಮನಸ್ಸು ಕಾರ್ಡೋಬಾದ ಮಸೀದಿಗೋ ಗ್ರನಡಾದ ಅಲ್‌ಹಂಬ್ರಾ ಅರಮನೆಗೋ ಓಡುತ್ತದೆ. ಕಳೆದುಹೋದ ವೈಭವವನ್ನು ನೆನೆದು ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತೇವೆ. ವೆಲೆನ್ಸಿಯದಲ್ಲಿ ಹಾಗೆ ನಿಟ್ಟುಸಿರು ಬಿಡಲು ಅರಮನೆಯೂ ಇಲ್ಲ, ಮಸೀದಿಯೂ ಇಲ್ಲ. ಅಲ್ಲಿ ಉಳಿದಿರುವುದು ಕಾಲುವೆ ಮತ್ತು ಕೆಲವು ಹೆಸರುಗಳು.

ಮೊದಲು ಹೆಸರನ್ನೇ ನೋಡೋಣ. ನಗರದ ದಕ್ಷಿಣಕ್ಕೆ ರುಸಾಫಾ ಎಂಬ ಬಡಾವಣೆಯಿದೆ. ಇಂದು ಅದು ಕಾಫಿ ಅಂಗಡಿಗಳಿಗೂ ತರಕಾರಿ ಮಾರುಕಟ್ಟೆಗೂ ಹೆಸರುವಾಸಿ. ಆ ಹೆಸರು ಹುಟ್ಟಿದ್ದು ಸಿರಿಯಾದಲ್ಲಿ. ಉಮಯ್ಯ ಖಲೀಫ ಹಿಶಾಮ್‌ರ ಅರಮನೆಯಿದ್ದ ಊರು ರುಸಾಫಾ. ಅಬ್ಬಾಸಿಯರ ಕತ್ತಿಯಿಂದ ತಪ್ಪಿಸಿಕೊಂಡು ಸ್ಪೇನಿಗೆ ಬಂದು 756ರಲ್ಲಿ ಕಾರ್ಡೋಬಾದಲ್ಲಿ ರಾಜ್ಯ ಕಟ್ಟಿದ ಅಬ್ದುರ್ರಹ್ಮಾನ್, ಇದೇ ಹಿಶಾಮ್‌ರ ಮೊಮ್ಮಗ. ಕಾರ್ಡೋಬಾದ ಹೊರವಲಯದಲ್ಲಿ ಒಂದು ತೋಟ ಮಾಡಿಸಿ, ಅದಕ್ಕೆ ಅಜ್ಜನ ಊರಿನ ಹೆಸರನ್ನೇ ಇಟ್ಟನು. ಅವನ ಮಗ ಅಬ್ದುಲ್ಲಾ ವೆಲೆನ್ಸಿಯದಲ್ಲಿ ನೆಲೆಸಿದಾಗ ಅಲ್ಲಿಯೂ ಒಂದು ತೋಟ ಹಾಕಿಸಿದನು. ಅದಕ್ಕೂ ಅದೇ ಹೆಸರು. ತವರು ಬಿಟ್ಟು ಬಂದವರು ಹೊಸ ನೆಲದಲ್ಲಿ ಮೊದಲು ನೆಟ್ಟದ್ದು ಹಳೆಯ ಹೆಸರನ್ನು. ಆ ತೋಟ ಇಂದಿಲ್ಲ. ಬಡಾವಣೆಯ ಮಗ್ಗುಲಲ್ಲೇ, ರೈಲ್ವೆಯ ಹಳೆಯ ಜಾಗದಲ್ಲಿ, 2018ರಲ್ಲಿ ‘ಸೆಂಟ್ರಲ್ ಪಾರ್ಕ್’ ತೆರೆದುಕೊಂಡಿತು.

ನದಿಯ ಉತ್ತರ ದಂಡೆಯಲ್ಲಿ ರಾಜೋದ್ಯಾನವಿದೆ. ಜನ ಅದನ್ನು ‘ವಿವೆರೋಸ್’, ಅಂದರೆ ಸಸಿಮಡಿಗಳು ಎಂದು ಕರೆಯುತ್ತಾರೆ. 11ನೇ ಶತಮಾನದಲ್ಲಿ ವೆಲೆನ್ಸಿಯವನ್ನು ಆಳಿದ ಅಬ್ದುಲ್ ಅಝೀಝ್ ಇಲ್ಲಿ ತೋಟದ ಮನೆಯೊಂದನ್ನು ಕಟ್ಟಿಸಿದ್ದನು. ಕ್ರೈಸ್ತ ಅರಸರು ಅದನ್ನೇ ಬೆಳೆಸಿ ತಮ್ಮ ಅರಮನೆ ಮಾಡಿಕೊಂಡರು. 1810ರಲ್ಲಿ ನೆಪೋಲಿಯನ್ನನ ಸೈನ್ಯ ಇಲ್ಲಿಂದ ನಗರದ ಮೇಲೆ ಫಿರಂಗಿ ಹಾರಿಸೀತೆಂದು ಹೆದರಿ ನಗರದವರೇ ಅರಮನೆಯನ್ನು ಕೆಡವಿಹಾಕಿದರು. ಪ್ರಯೋಜನವೇನೂ ಆಗಲಿಲ್ಲ, 1812ರಲ್ಲಿ ನಗರ ಫ್ರೆಂಚರ ವಶವಾಯಿತು. ಕೆಡವಿದ ಅವಶೇಷಗಳ ಮೇಲೆ ಮಣ್ಣು ಸುರಿದು ಮಾಡಿದ ಎರಡು ಪುಟ್ಟ ಗುಡ್ಡಗಳು ಉದ್ಯಾನದಲ್ಲಿ ಇಂದಿಗೂ ಇವೆ.

ಆದರೆ ವೆಲೆನ್ಸಿಯದ ನಿಜವಾದ ತೋಟ ಗೋಡೆಯೊಳಗಿನದಲ್ಲ. ನಗರವನ್ನು ಸುತ್ತುವರಿದ ಬಯಲು, ಅದನ್ನು ಅವರು ‘ಹುಯೆರ್ತಾ’ ಎನ್ನುತ್ತಾರೆ. ತುರಿಯಾ ನದಿಯಿಂದ ಎಂಟು ಕಾಲುವೆಗಳು ಇಲ್ಲಿನ ಹೊಲಗದ್ದೆಗಳಿಗೆ ನೀರು ಒಯ್ಯುತ್ತವೆ. ಕಾಲುವೆಗೆ ಸ್ಪೇನಿನಲ್ಲಿರುವ ‘ಅಸೇಕಿಯಾ’ ಎಂಬ ಮಾತು ಅರಬಿಯ ‘ಅಸ್ಸಾಕಿಯಾ’ದಿಂದ ಬಂದದ್ದು. ಅವುಗಳಲ್ಲೊಂದು ಮೆಸ್ತಾಯಾ. ಫುಟ್ಬಾಲ್ ಪ್ರಿಯರಿಗೆ ಇದು ವೆಲೆನ್ಸಿಯ ತಂಡದ ಕ್ರೀಡಾಂಗಣದ ಹೆಸರಾಗಿ ಗೊತ್ತಿರುತ್ತದೆ. ಕ್ರೀಡಾಂಗಣಕ್ಕೆ ಆ ಹೆಸರು ಬಂದದ್ದು ಪಕ್ಕದ ಕಾಲುವೆಯಿಂದ. ಅಕ್ಕಿ, ಸಕ್ಕರೆ, ಬದನೆಗಳಿಗೆ ಸ್ಪ್ಯಾನಿಷಿನಲ್ಲಿರುವ ಹೆಸರುಗಳೂ ಅರಬಿಯ ಮೂಲಕವೇ ಬಂದವು. ಕಿತ್ತಳೆಗೆ ಅಲ್ಲಿ ‘ನರಾನ್ಹಾ’. ಅರಬಿಯ ನಾರಂಜ್, ಪಾರಸಿಯ ನಾರಂಗ್ ದಾಟಿ ಹಿಂದೆ ಹೋದರೆ ಸಂಸ್ಕೃತದ ‘ನಾರಂಗ’ ಸಿಗುತ್ತದೆ. ನಮ್ಮ ಉಪಖಂಡದ ಗಿಡ ಅರಬ್ ರೈತನ ಕೈಹಿಡಿದು ಅಷ್ಟು ದೂರ ನಡೆದಿದೆ!

ಕಾಲುವೆ ತೋಡುವುದು ಸುಲಭ, ನೀರು ಹಂಚುವುದು ಕಷ್ಟ. ನೀರುಗಂಟಿಗಳನ್ನು ಕಂಡ ನಮ್ಮ ಕೆರೆ ಬಯಲಿನ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೆಲೆನ್ಸಿಯದಲ್ಲಿ ಇದಕ್ಕೆಂದೇ ಒಂದು ನ್ಯಾಯಾಲಯವಿದೆ. ಪ್ರತಿ ಗುರುವಾರ ಮಧ್ಯಾಹ್ನ 12 ಗಂಟೆಗೆ ಎಂಟು ಕಾಲುವೆಗಳ ರೈತ ಪ್ರತಿನಿಧಿಗಳು ಕಪ್ಪು ನಿಲುವಂಗಿ ತೊಟ್ಟು ಪ್ರಧಾನ ಚರ್ಚಿನ ಬಾಗಿಲ ಹೊರಗೆ ಕೂರುತ್ತಾರೆ. ಒಬ್ಬೊಬ್ಬ ಕಾಲುವೆಯ ಹೆಸರು ಕೂಗಿ, ಆಪಾದಿತರಿದ್ದರೆ ಬನ್ನಿ ಎಂದು ಕರೆಯಲಾಗುತ್ತದೆ. ವಕೀಲರಿಲ್ಲ, ಎಲ್ಲ ವಿಚಾರಣೆಯೂ ಬಾಯಿಮಾತಿನಲ್ಲಿ, ತೀರ್ಪಿಗೆ ಮೇಲ್ಮನವಿಯಿಲ್ಲ. ಚರ್ಚ್ ನಿಂತಿರುವುದು ಹಿಂದಿನ ಜಾಮಿಅ ಮಸೀದಿಯ ಜಾಗದಲ್ಲಿ. ಮುಸ್ಲಿಂ ರೈತರು ಚರ್ಚಿನೊಳಗೆ ಬರುವಂತಿರಲಿಲ್ಲ, ಅದಕ್ಕೇ ನ್ಯಾಯಾಲಯ ಹೊರಗೆ ಕೂರುತ್ತದೆ ಎಂಬ ಮಾತು ಜನರಲ್ಲಿದೆ. ಈ ಪದ್ಧತಿ 960ರಲ್ಲಿ ಆರಂಭವಾಯಿತೆಂಬುದೂ ಅಂಥದ್ದೇ ನಂಬಿಕೆ. ಇಸವಿಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ನಗರವನ್ನು ಗೆದ್ದ ದೊರೆ ಒಂದನೇ ಜೇಮ್ಸ್, ನೀರಿನ ವ್ಯವಸ್ಥೆ ಮುಸ್ಲಿಮರ ಕಾಲದಲ್ಲಿ ಇದ್ದಂತೆಯೇ ಮುಂದುವರಿಯಲಿ ಎಂದು ಕಾನೂನಿನಲ್ಲೇ ಬರೆಸಿದ್ದು ಖಚಿತ. 2009ರಲ್ಲಿ ಯುನೆಸ್ಕೋ ಈ ನ್ಯಾಯಾಲಯವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಪದ್ಧತಿಯನ್ನು ಉಳಿಸಿಕೊಂಡವರು ಜನರನ್ನು ಉಳಿಸಿಕೊಳ್ಳಲಿಲ್ಲ. 1238ರಲ್ಲಿ ಜೇಮ್ಸ್ ನಗರವನ್ನು ಮುತ್ತಿದಾಗ ಬಿಡಾರ ಹೂಡಿದ್ದು ಅದೇ ರುಸಾಫಾದಲ್ಲಿ. ವೆಲೆನ್ಸಿಯದ ವಿದ್ವಾಂಸ, ಕವಿ ಇಬ್ನುಲ್ ಅಬ್ಬಾರ್ ಸಮುದ್ರ ದಾಟಿ ಟ್ಯುನಿಸ್‌ನ ಅಮೀರನ ಮುಂದೆ ಕವಿತೆಯಲ್ಲಿ ನೆರವು ಬೇಡಿದರು. ಹಡಗುಗಳು ಬಂದವು, ಆದರೆ ಮುತ್ತಿಗೆಯನ್ನು ಭೇದಿಸಲಾಗಲಿಲ್ಲ. ಶರಣಾಗತಿಯ ಮಾತುಕತೆಯಲ್ಲೂ ಅವರೇ ಇರಬೇಕಾಯಿತು. ಕೊನೆಗೆ ಟ್ಯುನಿಸ್‌ನಲ್ಲಿ ಆಶ್ರಯ ಪಡೆದರು. ಅಲ್ಲಿಯ ಆಡಳಿತವೇ 1260ರಲ್ಲಿ ಅವರನ್ನು ಕೊಲ್ಲಿಸಿತು. ಇದನ್ನೂ ನಾವು ಮರೆಮಾಚಬಾರದು.

ಹೊಲಗಳಲ್ಲಿ ಮುಸ್ಲಿಂ ರೈತರು ಉಳಿದರು, ಯಾಕೆಂದರೆ ಜಮೀನುದಾರರಿಗೆ ದುಡಿಯುವ ಕೈ ಬೇಕಿತ್ತು. 1520ರ ದಶಕದಲ್ಲಿ ಅವರನ್ನು ಬಲವಂತವಾಗಿ ಮತಾಂತರಿಸಲಾಯಿತು. ಮತಾಂತರವಾದ ಮೇಲೂ ನಂಬಲಿಲ್ಲ. 1609ರ ಸೆಪ್ಟೆಂಬರಿನಲ್ಲಿ ಗಡೀಪಾರಿನ ಆಜ್ಞೆ ಹೊರಟಿತು. ವೆಲೆನ್ಸಿಯ ಪ್ರಾಂತವೊಂದರಿಂದಲೇ ಸುಮಾರು 1,20,000 ಜನರನ್ನು ಹಡಗು ಹತ್ತಿಸಿ ಉತ್ತರ ಆಫ್ರಿಕಕ್ಕೆ ಅಟ್ಟಲಾಯಿತು. ಇದು ಪ್ರಾಂತದ ಜನಸಂಖ್ಯೆಯ ಮೂರನೇ ಒಂದು ಭಾಗದಷ್ಟು. ಅನೇಕ ಹಳ್ಳಿಗಳು ಬರಿದಾದವು.

ಇನ್ನು ಇಂದಿನ ಬಹುದೊಡ್ಡ ಉದ್ಯಾನದ ಕತೆ. 1957ರ ಅಕ್ಟೋಬರ್ 14ರಂದು ತುರಿಯಾ ನದಿ ಉಕ್ಕಿ ನಗರವನ್ನು ಮುಳುಗಿಸಿತು. ಕನಿಷ್ಠ 81 ಮಂದಿ ಸತ್ತರು. ಸರ್ವಾಧಿಕಾರಿ ಫ್ರಾಂಕೋನ ಸರಕಾರ ನದಿಯನ್ನೇ ನಗರದಿಂದ ಹೊರಹಾಕಲು ತೀರ್ಮಾನಿಸಿ, ದಕ್ಷಿಣಕ್ಕೆ ಸುಮಾರು 12 ಕಿಲೋಮೀಟರ್ ಉದ್ದದ ಹೊಸ ಪಾತ್ರ ತೋಡಿಸಿತು. ಅದು ಹಾದುಹೋದದ್ದು ಹುಯೆರ್ತಾದ ಹೊಲಗಳ ಮೇಲೆಯೇ. ಬರಿದಾದ ಹಳೆಯ ಪಾತ್ರದಲ್ಲಿ ಹೆದ್ದಾರಿ ಹಾಸುವ ಯೋಜನೆಯಿತ್ತು. ಜನ ಒಪ್ಪಲಿಲ್ಲ. ಪಾತ್ರ ನಮ್ಮದು, ಅದು ಹಸಿರಾಗಿರಬೇಕು ಎಂದು ಸರ್ವಾಧಿಕಾರದ ಕೊನೆಯ ವರ್ಷಗಳಲ್ಲೇ ದನಿಯೆತ್ತಿದರು. 1976ರಲ್ಲಿ ಪಾತ್ರ ನಗರಕ್ಕೆ ಸಿಕ್ಕಿತು. 1980ರ ದಶಕದಲ್ಲಿ ಉದ್ಯಾನ ರೂಪುಗೊಳ್ಳತೊಡಗಿತು. ಇಂದು ಸುಮಾರು 9 ಕಿಲೋಮೀಟರ್ ಉದ್ದಕ್ಕೂ ಹಳೆಯ ಕಲ್ಲು ಸೇತುವೆಗಳ ಕೆಳಗೆ ನೀರಿನ ಬದಲು ಮರಗಳಿವೆ, ಸೈಕಲ್ ತುಳಿಯುವ ಮಕ್ಕಳಿದ್ದಾರೆ. ನೋಡಬೇಕಾದ ತಾಣವೆಂದು ಒಂದನ್ನೇ ಹೆಸರಿಸಿ ಎಂದರೆ ನಾವು ಇದನ್ನೇ ಹೇಳುತ್ತೇವೆ.

2024ರ ಅಕ್ಟೋಬರ್ 29ರಂದು ಮತ್ತೆ ಮಹಾಮಳೆ ಸುರಿಯಿತು. ತುರಿಯಾದ ಪ್ರವಾಹವನ್ನು ಹೊಸ ಪಾತ್ರ ಹೊತ್ತೊಯ್ದದ್ದರಿಂದ ಹಳೆಯ ನಗರವೂ ಅದರ ಉದ್ಯಾನವೂ ಪಾರಾದವು. ಆದರೆ ಪಾತ್ರದ ಆಚೆಗಿನ ಪೈಪೋರ್ತಾ, ಕತರೋಹಾ ಮೊದಲಾದ ಊರುಗಳ ಮೇಲೆ ಪೋಯೋ ಎಂಬ ಹಳ್ಳ ನುಗ್ಗಿತು. ಮೊಬೈಲುಗಳಿಗೆ ಎಚ್ಚರಿಕೆಯ ಸಂದೇಶ ತಲುಪಿದ್ದು ರಾತ್ರಿ 8 ಗಂಟೆಯ ನಂತರ. ಅಷ್ಟರಲ್ಲಿ ಹಲವು ಬೀದಿಗಳು ಮುಳುಗಿದ್ದವು. ಪ್ರಾಂತದಲ್ಲಿ 220ಕ್ಕೂ ಹೆಚ್ಚು ಜನ ಸತ್ತರು. ಮರುದಿನಗಳಲ್ಲಿ ಉದ್ಯಾನದ ನಗರದಿಂದ ಸಾವಿರಾರು ಮಂದಿ, ಹೆಚ್ಚಿನವರು ಯುವಕ ಯುವತಿಯರು, ಪೊರಕೆ ಗುದ್ದಲಿ ಹಿಡಿದು, ಕುಡಿಯುವ ನೀರು ಹೊತ್ತು, ಹೊಸ ಪಾತ್ರದ ಮೇಲಿನ ಕಾಲ್ಸೇತುವೆಯನ್ನು ದಾಟಿ ಕೆಸರಿನ ಊರುಗಳಿಗೆ ನಡೆದುಹೋದರು. ಜನ ಆ ಕಾಲ್ಸೇತುವೆಯನ್ನು ಸೌಹಾರ್ದದ ಸೇತುವೆ ಎಂದು ಕರೆದರು.