ಗದ್ದೆಯ ಮಣ್ಣು, ರಕ್ತದ ನಂಜು

ಉಡುಪಿ ಜಿಲ್ಲೆಯ ಶಿರ್ವ, ಕಾಪು, ಕಾರ್ಕಳದ ಕಡೆ ಮಳೆಗಾಲದಲ್ಲಿ ಜ್ವರ ಬಂದರೆ ಇಲಿಜ್ವರವೋ ಡೆಂಗಿಯೋ ಎಂಬ ಅನುಮಾನ ಮೊದಲು ಬರುತ್ತದೆ. ಮೆಲಿಯಾಯ್ಡೋಸಿಸ್ ಎಂಬ ಹೆಸರು ಹೊಳೆಯುವುದು ಕಡಿಮೆ. ಸಕ್ಕರೆ ಕಾಯಿಲೆಯಿರುವ ರೈತನ ಕಾಲಿನ ಗೀರಿನಿಂದ ಕೆಸರಿನಲ್ಲಿರುವ ಇದರ ರೋಗಾಣು ಒಳಹೊಕ್ಕರೆ, ಕೆಲವೇ ದಿನಗಳಲ್ಲಿ ರಕ್ತದ ನಂಜು, ಅಂದರೆ ಸೆಪ್ಸಿಸ್‌ ಆಗಿ ಜೀವಕ್ಕೆ ಸಂಚಕಾರ ತರಬಲ್ಲದು.

ನಂಜಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಯುರೋಪಿನಿಂದ ಶುರುಮಾಡುತ್ತಾರೆ. 1847ರಲ್ಲಿ ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ವೈದ್ಯರ ಕೈಯನ್ನು ಕ್ಲೋರಿನ್ ನೀರಿನಲ್ಲಿ ತೊಳೆಸಿದಾಗ ಬಾಣಂತಿಯರ ಸಾವು ಇಳಿಯಿತು. 1867ರಲ್ಲಿ ಲಿಸ್ಟರ್ ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಬಳಸಿದ ವಿವರ ಪ್ರಕಟಿಸಿದರು. 1928ರಲ್ಲಿ ಫ್ಲೆಮಿಂಗ್ ಕಂಡ ಪೆನಿಸಿಲಿನ್ 1940ರ ದಶಕದಲ್ಲಿ ಔಷಧವಾಯಿತು. ಅರೆಬರೆ ಪ್ರಮಾಣದಲ್ಲಿ ಕೊಟ್ಟರೆ ರೋಗಾಣು ಬಗ್ಗದಂತಾಗುತ್ತದೆ ಎಂದು 1945ರ ನೊಬೆಲ್ ಭಾಷಣದಲ್ಲಿ ಅವರೇ ಎಚ್ಚರಿಸಿದ್ದರು. 1959ರಲ್ಲಿ ಬಂದ ಮೆಥಿಸಿಲಿನ್‌ಗೆ ಮಣಿಯದ ಸ್ಟೆಫೈಲೊಕಾಕಸ್ 1961ರಲ್ಲೇ ಬ್ರಿಟನ್ನಿನಲ್ಲಿ ವರದಿಯಾಯಿತು.

ನಮ್ಮ ಗದ್ದೆಗಳಿಂದ ನೋಡಿದರೆ ಕಥೆ ಬೇರೆ. 1911ರಲ್ಲಿ ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಗುರುತಿಸಿದ ಮೆಲಿಯಾಯ್ಡೋಸಿಸ್ ರೋಗಾಣುವಿಗೆ ಪೆನಿಸಿಲಿನ್ ನಾಟುವುದೇ ಇಲ್ಲ. ಮನುಷ್ಯ ಔಷಧ ಕಂಡುಹಿಡಿಯುವ ಮೊದಲೇ ಪ್ರತಿರೋಧ ಮಣ್ಣಿನಲ್ಲಿತ್ತು. 1989ರಲ್ಲಿ ಥಾಯ್ಲೆಂಡಿನ ಅಧ್ಯಯನವೊಂದು ಸೆಫ್ಟಾಜಿಡಿಮ್ ಎಂಬ ಆಂಟಿಬಯಾಟಿಕ್‌ನಿಂದ ತೀವ್ರ ಮೆಲಿಯಾಯ್ಡೋಸಿಸ್‌ನ ಸಾವು ಶೇ. 74ರಿಂದ 37ಕ್ಕೆ ಇಳಿಯಿತೆಂದು ತೋರಿಸಿತು. ಈ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ಅಂಕಿ ಇದೇ.

ಉಡುಪಿ ಮತ್ತು ಸುತ್ತಲಿನ ಜಿಲ್ಲೆಗಳ ಮೆಲಿಯಾಯ್ಡೋಸಿಸ್ ಪ್ರಕರಣಗಳನ್ನು ವರ್ಷಗಳಿಂದ ದಾಖಲಿಸುತ್ತ ಬಂದದ್ದು 1953ರಲ್ಲಿ ಶುರುವಾದ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಲ್ಯಾಬಿನಲ್ಲಿ ಈ ರೋಗಾಣುವನ್ನು ಬೆಳೆಸುವ ಮಾಧ್ಯಮವಾದ ಆಶ್‌ಡೌನ್ ಅಗರ್‌ನಲ್ಲಿ ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್ ಬೆರೆಸಿರುತ್ತಾರೆ. ಬೇರೆ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಅಡಗುತ್ತವೆ. ಇದು ಮಾತ್ರ ಕೆಲವು ದಿನಗಳಲ್ಲಿ ಒಣಗಿದ, ಸುಕ್ಕುಗಟ್ಟಿದ ನೇರಳೆ ಚುಕ್ಕೆಗಳಾಗಿ ಮೇಲೇಳುತ್ತದೆ. ಅನುಭವವಿಲ್ಲದ ಲ್ಯಾಬಿನಲ್ಲಿ ಇದನ್ನು ಸ್ಯೂಡೋಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಎಂದು ಬರೆದುಬಿಡುವುದುಂಟು.

ಸೆಪ್ಸಿಸ್ ಎಂದರೆ ಸೋಂಕಿಗೆ ದೇಹ ತೋರುವ ಹದತಪ್ಪಿದ ಪ್ರತಿಕ್ರಿಯೆಯಿಂದ ಅಂಗಾಂಗಗಳೇ ಕೆಡುವ ಸ್ಥಿತಿ ಎಂದು 2016ರ ವ್ಯಾಖ್ಯೆ ಹೇಳಿತು. 2017ರೊಂದರಲ್ಲೇ ಜಗತ್ತಿನಲ್ಲಿ ಸುಮಾರು 1.1 ಕೋಟಿ ಜನ ಇದರಿಂದ ಸತ್ತರೆಂದು ಅಂದಾಜು. ಇಷ್ಟಾದರೂ ಮೆಡಿಕಲ್ ಶಾಪಿನಿಂದ ಎರಡು ಮಾತ್ರೆ ನುಂಗಿ, ಜ್ವರ ಬಿಡದಾಗ ಆಸ್ಪತ್ರೆಗೆ ಹೋಗುವ ರೂಢಿ ನಮ್ಮಲ್ಲಿ ಉಳಿದಿದೆ. 2014ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಆಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಆ ನಿಯಮ ಹಳ್ಳಿಯ ಅಂಗಡಿಯವರೆಗೂ ಬಿಗಿಯಾಗಿ ಮುಟ್ಟಬೇಕು. ಮೊದಲೇ ಔಷಧ ಹೊಕ್ಕ ರಕ್ತದಲ್ಲಿ ರೋಗಾಣು ಬೆಳೆಯದೇ ಹೋಗಬಹುದು. ಆಗ ವೈದ್ಯರು ಊಹೆಯ ಮೇಲೆ ಮೆರೊಪೆನೆಮ್‌ನಂತಹ ಕೊನೆಯ ಅಸ್ತ್ರಗಳನ್ನು ಬಳಸಬೇಕಾಗುತ್ತದೆ. ಆಸ್ಪತ್ರೆಗಳ ಕ್ಲೆಬ್ಸಿಯೆಲ್ಲಾದಂಥ ರೋಗಾಣುಗಳು ಆ ಅಸ್ತ್ರಕ್ಕೂ ಒಗ್ಗಿಹೋಗಿವೆ.

ಮೆಲಿಯಾಯ್ಡೋಸಿಸ್ ಪತ್ತೆಯಾದರೂ ಚಿಕಿತ್ಸೆ ದೀರ್ಘ. ಕನಿಷ್ಠ ಹತ್ತು ಹದಿನಾಲ್ಕು ದಿನ ರಕ್ತನಾಳದ ಮೂಲಕ ಔಷಧ, ಆಮೇಲೆ ಕನಿಷ್ಠ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಿ ಗದ್ದೆಗಿಳಿದವರಲ್ಲಿ ಅದೇ ರೋಗ ಮರುಕಳಿಸಬಹುದು.